ಜಗತ್ ಸೇಠ್ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಪ್ಲಾಸಿ ಕದನ ಓದುವಾಗ ಈ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಮೀರ್ ಜಾಫರ್, ಕ್ಲೈವ್, ಜೊತೆಗೆ "ಜಗತ್ ಸೇಠ್ ಎಂಬ ಶ್ರೀಮಂತ". ಅಷ್ಟೇ. ಆದರೆ 18ನೇ ಶತಮಾನದ ಬಂಗಾಳದಲ್ಲಿ ನವಾಬ ಯಾರಾಗಬೇಕು ಅನ್ನೋದು ಈ ಒಂದು ಮನೆಯಲ್ಲಿ ಎರಡು ಸಲ ಚರ್ಚೆಗೆ ಬಂದಿತ್ತು. ಹೀಗಾಗಿ ಈ ಮನೆತನದ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಜಗತ್ ಸೇಠ್ ಅನ್ನುವುದು ಒಬ್ಬ ವ್ಯಕ್ತಿಯ ಹೆಸರಾ?

ಅಲ್ಲ, ಅದು ಬಿರುದು. ಜಗತ್ತಿಗೇ ಸಾಹುಕಾರ ಅಂತ ಅರ್ಥ. ಮೊಗಲ್ ಬಾದಶಹ ಮುಹಮ್ಮದ್ ಷಾ 1723ರಲ್ಲಿ ಮುರ್ಶಿದಾಬಾದಿನ ಫತೇಚಂದ್‌ಗೆ ಇದನ್ನು ಕೊಟ್ಟ. ಆಮೇಲೆ ಮನೆಯ ಯಜಮಾನನಾದವರಿಗೆಲ್ಲ ಅದೇ ಹೆಸರು ಉಳಿಯಿತು. ಓದುವಾಗ ಗೊಂದಲ ಆಗುವುದು ಇಲ್ಲೇ. 1740ರ ಕತೆಯಲ್ಲಿ ಬರುವ ಜಗತ್ ಸೇಠ್ ಫತೇಚಂದ್. ಪ್ಲಾಸಿಯ ಹೊತ್ತಿಗೆ ಆತ ಇರಲಿಲ್ಲ, 1744ರಲ್ಲೇ ತೀರಿಕೊಂಡಿದ್ದ. ಆಗ ಇದ್ದವರು ಅವನ ಮೊಮ್ಮಕ್ಕಳು, ಜಗತ್ ಸೇಠ್ ಮೆಹ್ತಾಬ್ ರಾಯ್ ಮತ್ತು ಮಹಾರಾಜ ಎಂಬ ಬಿರುದಿದ್ದ ಸ್ವರೂಪ್ ಚಂದ್.

ಇವರು ಬಂಗಾಳದವರೇನಾ?

ಮೂಲ ಮಾರವಾಡದ ನಾಗೌರ್. ಓಸವಾಲ್ ಜೈನರು. ಹೀರಾನಂದ್ ಸಾಹು ಎಂಬುವನು 1652ರಲ್ಲಿ ಊರು ಬಿಟ್ಟು ಪಾಟ್ನಾಕ್ಕೆ ಬಂದ. ಪಾಟ್ನಾ ಆಗ ಪೆಟ್ಲುಪ್ಪಿನ ದೊಡ್ಡ ಪೇಟೆ. ಮದ್ದಿನ ಪುಡಿಗೆ ಪೆಟ್ಲುಪ್ಪು ಬೇಕೇ ಬೇಕು, ಅದಕ್ಕಾಗಿ ಡಚ್ಚರು ಇಂಗ್ಲಿಷರು ಎಲ್ಲರೂ ಅಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಿಕೊಂಡಿದ್ದರು. ಹೀರಾನಂದ್ ಪೆಟ್ಲುಪ್ಪಿನ ವ್ಯಾಪಾರದ ಜೊತೆಗೆ ಸಾಲ ಕೊಡುವುದನ್ನೂ ಶುರು ಮಾಡಿದ. ಅವನ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಗದ್ದಿ, ಅಂದರೆ ಲೇವಾದೇವಿಯ ಅಂಗಡಿ, ಹಾಕಿದರು. ದೊಡ್ಡ ಮಗ ಮಾಣಿಕ್ ಚಂದ್ ಹೋಗಿದ್ದು ಢಾಕಾಕ್ಕೆ, ಆಗಿನ ಬಂಗಾಳದ ರಾಜಧಾನಿಗೆ.

ಢಾಕಾ ಬಿಟ್ಟು ಮುರ್ಶಿದಾಬಾದ್‌ಗೆ ಯಾಕೆ ಹೋದರು?

ಮುರ್ಶಿದ್ ಕುಲಿ ಖಾನ್ ಹೋದ, ಅವನ ಹಿಂದೆಯೇ ಇವರೂ ಹೋದರು. ಔರಂಗಜೇಬ್ 1700ರಲ್ಲಿ ಈತನನ್ನು ಬಂಗಾಳದ ದಿವಾನನಾಗಿ, ಅಂದರೆ ಕಂದಾಯದ ಮುಖ್ಯಸ್ಥನಾಗಿ ಕಳಿಸಿದ್ದ. ದಖ್ಖನಿನ ಒಂದು ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಮಾರಾಟವಾಗಿ ಹೋದವನು ಎನ್ನುತ್ತಾರೆ. ಕಂದಾಯದ ಲೆಕ್ಕದಲ್ಲಿ ಬಲು ಬಿಗಿ. ಢಾಕಾದಲ್ಲಿದ್ದ ಸುಬೇದಾರ (ಪ್ರಾಂತದ ಆಡಳಿತಗಾರ), ಔರಂಗಜೇಬನ ಮೊಮ್ಮಗ ಅಜೀಂ ಉಷ್ ಶಾನ್ ಜೊತೆ ಇವನಿಗೆ ಸರಿಬರಲಿಲ್ಲ. ದಿವಾನ ಕಚೇರಿಯನ್ನೇ ಎತ್ತಿಕೊಂಡು ಭಾಗೀರಥಿ ದಂಡೆಯ ಮಖ್ಸೂದಾಬಾದ್‌ಗೆ ಬಂದ. ಆಮೇಲೆ ಆ ಊರಿಗೆ ಅವನ ಹೆಸರೇ ಬಂತು. ಮಾಣಿಕ್ ಚಂದ್ ಪಕ್ಕದ ಮಹಿಮಾಪುರದಲ್ಲಿ ಮನೆ ಕಟ್ಟಿದ. ಮುಂದೆ ಇತಿಹಾಸ ತಿರುಗಿದ್ದೆಲ್ಲ ಆ ಮನೆಯ ಸುತ್ತಲೇ. ಮಾಣಿಕ್ ಚಂದ್‌ಗೆ ಮಕ್ಕಳಿರಲಿಲ್ಲ. 1714ರಲ್ಲಿ ಅವನು ತೀರಿಕೊಂಡ ಮೇಲೆ ದತ್ತು ಮಗ ಫತೇಚಂದ್ ಯಜಮಾನನಾದ.

ಇದನ್ನು ಬ್ಯಾಂಕ್ ಅನ್ನಬಹುದಾ? ಬಡ್ಡಿ ವ್ಯವಹಾರ ಅಲ್ವಾ?

ಧಾರಾಳವಾಗಿ ಬ್ಯಾಂಕ್ ಅನ್ನಬಹುದು. ಬಡ್ಡಿಗೆ ಸಾಲ ಕೊಡುವುದು ಅವರ ಕೆಲಸದಲ್ಲಿ ಒಂದು ಭಾಗ ಮಾತ್ರ.

ಬಂಗಾಳದ ಜಮೀನ್ದಾರರು ಪ್ರತಿ ವರ್ಷ ನವಾಬನ ಬೊಕ್ಕಸಕ್ಕೆ ಕಂದಾಯ ಕಟ್ಟಬೇಕಿತ್ತು. ಕಟ್ಟುತ್ತಾರೆ ಅನ್ನುವುದಕ್ಕೆ ಒಬ್ಬ ಸಾಹುಕಾರನ ಜಾಮೀನು ಬೇಕಿತ್ತು. ಆ ಜಾಮೀನು ಕೊಡುತ್ತಿದ್ದವರಲ್ಲಿ ಸೇಠರೇ ಮುಂದು. ಬೆಳೆ ಕೈಕೊಟ್ಟು ಹಣ ತಡವಾಯಿತಾ, ಸೇಠರು ಬೊಕ್ಕಸಕ್ಕೆ ಕಟ್ಟಿಬಿಡುತ್ತಿದ್ದರು, ಆಮೇಲೆ ಬಡ್ಡಿ ಸಮೇತ ಜಮೀನ್ದಾರನಿಂದ ವಸೂಲಿ. ಬಂಗಾಳದ ಹೊಸ ವರ್ಷದ ಹೊತ್ತಿಗೆ ಪುಣ್ಯಾಹ ಎಂಬ ದರ್ಬಾರು ನಡೆಯುತ್ತಿತ್ತು. ಹಿಂದಿನ ವರ್ಷದ ಲೆಕ್ಕ ಚುಕ್ತಾ ಮಾಡಿ ಹೊಸ ಲೆಕ್ಕ ತೆರೆಯುವ ದಿನ ಅದು. ಆ ದಿನ ಬೊಕ್ಕಸಕ್ಕೆ ಬರುವ ಹಣಕ್ಕೆ ಹಿಂದೆ ನಿಂತವರು ಸೇಠರು. ದೆಹಲಿಗೆ ಹೋಗುವ ಬಾದಶಹನ ಪಾಲು ವರ್ಷಕ್ಕೆ ಒಂದು ಕೋಟಿ ರೂಪಾಯಿಗೂ ಜಾಸ್ತಿ. ಅದನ್ನು ಹುಂಡಿಯ ಮೂಲಕ ಕಳಿಸುವ ಏರ್ಪಾಡೂ ಇವರ ಕೈಯಲ್ಲಿತ್ತು.

ಹೀಗೆ ಕಂದಾಯ ಬರುವ ದಾರಿಯಲ್ಲೂ ಇವರು, ಹೋಗುವ ದಾರಿಯಲ್ಲೂ ಇವರು. ನವಾಬನಿಗೆ ದಂಡಿನ ಸಂಬಳಕ್ಕೆ ದುಡ್ಡು ಸಾಲದೆ ಬಂದರೆ ಆಗಲೂ ಇವರ ಬಾಗಿಲಿಗೇ ಬರಬೇಕು.

ಹುಂಡಿ ಅಂದರೆ ದೇವಸ್ಥಾನದ ಹುಂಡಿನಾ?

ಹೆಸರು ಒಂದೇ, ವಸ್ತು ಬೇರೆ. ಇದು ಕಾಗದ. ಮುರ್ಶಿದಾಬಾದಿನಲ್ಲಿ ನೀವು ಹಣ ಕಟ್ಟಿದರೆ ಸೇಠರ ಗುಮಾಸ್ತ ಒಂದು ಚೀಟಿ ಬರೆದು ಕೊಡುತ್ತಾನೆ. ದೆಹಲಿಯಲ್ಲಿರುವ ಅವರ ಗದ್ದಿಯಲ್ಲಿ ಅದನ್ನು ತೋರಿಸಿದರೆ ಹಣ ಸಿಗುತ್ತದೆ. ತೋರಿಸಿದ ತಕ್ಷಣ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಂತಿಷ್ಟು ದಿನ ಆದ ಮೇಲೆ ಕೊಡುವಂಥದ್ದು ಮುದ್ದತಿ ಹುಂಡಿ. ದಾರಿಯಲ್ಲಿ ಕಳ್ಳರ ಭಯ ಇರುವ ಕಾಲದಲ್ಲಿ ಗಾಡಿಗಟ್ಟಲೆ ಬೆಳ್ಳಿ ಸಾಗಿಸುವ ಬದಲು ಒಂದು ಚೀಟಿ ಸಾಕಾಗುತ್ತಿತ್ತು. ಬರೆದವರ ಮಾತಿನ ಮೇಲೆ ನಂಬಿಕೆ ಇದ್ದರೆ ಮಾತ್ರ ಆ ಚೀಟಿಗೆ ಬೆಲೆ.

ಟಂಕಸಾಲೆ ಅವರ ಕೈಯಲ್ಲಿತ್ತು ಅಂತಾರೆ. ಅದರಿಂದ ಏನು ಲಾಭ?

ನನ್ನ ಪ್ರಕಾರ ಇಡೀ ಕತೆಯ ಬೇರು ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಇವತ್ತು ಹತ್ತು ವರ್ಷ ಹಳೆಯ ಹತ್ತು ರೂಪಾಯಿ ನಾಣ್ಯಕ್ಕೂ ಅಂಗಡಿಯಲ್ಲಿ ಹತ್ತು ರೂಪಾಯಿಯೇ ಬೆಲೆ. ಆಗ ಹಾಗಿರಲಿಲ್ಲ. ಬಂಗಾಳದ ಬೆಳ್ಳಿ ರೂಪಾಯಿಗೆ ಸಿಕ್ಕಾ ಅಂತ ಹೆಸರು. ಅದರ ಮೇಲೆ ಬಾದಶಹ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅಂತ ಅಚ್ಚಾಗಿರುತ್ತಿತ್ತು. ಅಚ್ಚಾದ ವರ್ಷದಲ್ಲಿ ಮಾತ್ರ ಪೂರಾ ಬೆಲೆ. ಮರುವರ್ಷ ಹೊಸ ಸಿಕ್ಕಾ ಬಂದ ಕೂಡಲೇ ಹಳೆಯದಕ್ಕೆ ವಟ್ಟ, ಅಂದರೆ ಬೆಲೆಯಲ್ಲಿ ಕಡಿತ, ಬೀಳುತ್ತಿತ್ತು. ಮೂರನೇ ವರ್ಷ ಇನ್ನೂ ಕಡಿಮೆ. ಬೆಳ್ಳಿ ಅಷ್ಟೇ ಇದ್ದರೂ, ಒಂಚೂರೂ ಸವೆಯದಿದ್ದರೂ ಬೆಲೆ ಇಳಿಯುತ್ತಿತ್ತು.

ಒಬ್ಬ ರೈತನ ಕೈಯಲ್ಲಿ ಎರಡು ವರ್ಷ ಹಳೆಯ ರೂಪಾಯಿ ಇದೆ ಅಂದುಕೊಳ್ಳಿ. ಕಂದಾಯಕ್ಕೆ ಹೊಸ ಸಿಕ್ಕಾ ಬೇಕು. ಅವನು ಚಿನಿವಾರನ ಹತ್ತಿರ ಹೋಗುತ್ತಾನೆ. ಚಿನಿವಾರ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳುತ್ತಾನೆ, ತೂಗುತ್ತಾನೆ, ಅಂಚಿನಲ್ಲಿ ತನ್ನ ಗುರುತಿನ ಸಣ್ಣ ಅಚ್ಚು ಒತ್ತುತ್ತಾನೆ. ಹಳೆ ರೂಪಾಯಿಗಳ ಮೇಲೆ ಈ ಗುರುತುಗಳು ಈಗಲೂ ಕಾಣುತ್ತವೆ, ಕೆಲವದರ ಮೇಲಂತೂ ಎಂಟು ಹತ್ತು ಇರುತ್ತವೆ. ಪ್ರತಿ ಗುರುತಿನ ಹಿಂದೆ ಒಂದು ಕಡೆ ಯಾರೋ ಒಬ್ಬರ ಕೈಯಿಂದ ನಾಲ್ಕು ಕಾಸು ಜಾರಿರುತ್ತದೆ. ವಟ್ಟ ಹಿಡಿದು ಉಳಿದದ್ದನ್ನು ಅವನು ರೈತನಿಗೆ ಕೊಡುತ್ತಾನೆ. ಹಳೆ ನಾಣ್ಯ ಕೊನೆಗೆ ಬಂದು ಸೇರುವುದು ಮುರ್ಶಿದಾಬಾದಿನ ಟಂಕಸಾಲೆಗೆ. ಅಲ್ಲಿ ಕರಗಿ ಮತ್ತೆ ಹೊಸ ಸಿಕ್ಕಾ ಆಗುತ್ತದೆ. ಆ ಟಂಕಸಾಲೆಯ ಕೀಲಿ ಸೇಠರ ಕೈಯಲ್ಲಿತ್ತು.

ಯುರೋಪಿನ ಕಂಪನಿಗಳ ಪಾಡೂ ಇದೇ. ಬಂಗಾಳದವರಿಗೆ ಅವರ ಸಾಮಾನು ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಬೇಕಿತ್ತು. ಹಾಗಾಗಿ ಕಂಪನಿಗಳು ಹಡಗಿನಲ್ಲಿ ಬೆಳ್ಳಿ ತಂದು ರೇಷ್ಮೆ ಮತ್ತು ಹತ್ತಿ ಬಟ್ಟೆ ಕೊಳ್ಳುತ್ತಿದ್ದವು. ಆದರೆ ನೇಕಾರ ತೆಗೆದುಕೊಳ್ಳುವುದು ರೂಪಾಯಿ, ಬೆಳ್ಳಿ ಗಟ್ಟಿ ಅಲ್ಲ. ಅದಕ್ಕೆ ಕಂಪನಿಯವರು ಸೇಠರು ಹೇಳಿದ ಬೆಲೆಗೆ ಅವರಿಗೇ ಬೆಳ್ಳಿ ಮಾರಬೇಕಾಗುತ್ತಿತ್ತು. ಬಾದಶಹ ಫರೂಕ್‌ಸಿಯರ್ 1717ರಲ್ಲಿ ಇಂಗ್ಲಿಷರಿಗೆ ವಾರಕ್ಕೆ ಮೂರು ದಿನ ಮುರ್ಶಿದಾಬಾದ್ ಟಂಕಸಾಲೆ ಬಳಸಲು ಅನುಮತಿ ಕೊಟ್ಟ. ಅಷ್ಟರಲ್ಲಿ ಬಂಗಾಳದ ನವಾಬನಾಗಿದ್ದ ಮುರ್ಶಿದ್ ಕುಲಿ ಖಾನ್ ಮಾತ್ರ ಅದನ್ನು ಜಾರಿಗೆ ತರಲಿಲ್ಲ. ಫತೇಚಂದ್‌ಗೆ ನವಾಬನ ಹತ್ತಿರ ಇಷ್ಟು ಮಾತು ನಡೆಯುವವರೆಗೂ ನಮಗೆ ಆ ಹಕ್ಕು ಸಿಗುವ ಆಸೆ ಇಲ್ಲ ಎಂದು ಇಂಗ್ಲಿಷರು 1721ರಲ್ಲಿ ಬರೆದುಕೊಂಡಿದ್ದಾರೆ.

ಇಂಗ್ಲೆಂಡಿನ ಬ್ಯಾಂಕುಗಳೆಲ್ಲ ಸೇರಿದರೂ ಇವರಷ್ಟು ದುಡ್ಡಿರಲಿಲ್ಲ ಅನ್ನೋದು ನಿಜಾನಾ?

ವಾಟ್ಸಾಪಿನಲ್ಲಿ ಓಡಾಡುವ ಆ ಮಾತಿಗೆ ಆಧಾರವಾಗುವ ಲೆಕ್ಕದ ಪುಸ್ತಕ ಇಲ್ಲ. ಅಂಕಿ ಹೇಳುವವರನ್ನು ನಂಬಬೇಡಿ. ಆ ಕಾಲದಲ್ಲಿ ಇವರನ್ನು ಕಣ್ಣಾರೆ ಕಂಡ ಯುರೋಪಿನವರು ಗೊತ್ತಿರುವ ಪ್ರಪಂಚದಲ್ಲೇ ಇಷ್ಟು ದೊಡ್ಡ ಸಾಹುಕಾರರಿಲ್ಲ ಎಂದು ಬೆರಗಾಗಿದ್ದರು ಅನ್ನುವುದಂತೂ ನಿಜ. ಇಂಗ್ಲಿಷ್, ಡಚ್, ಫ್ರೆಂಚ್ ಮೂರೂ ಕಂಪನಿಗಳು ಇವರ ಹತ್ತಿರ ಸಾಲ ಮಾಡಿದ್ದವು.

1742ರ ಒಂದು ಘಟನೆ ನೋಡಿ. ಮರಾಠರ ದಂಡು ಬಂಗಾಳಕ್ಕೆ ನುಗ್ಗಿದಾಗ ಅವರ ಕಡೆ ಸೇರಿದ್ದ ಮೀರ್ ಹಬೀಬ್ ಒಂದು ಕುದುರೆ ಪಡೆ ಕಟ್ಟಿಕೊಂಡು ಮುರ್ಶಿದಾಬಾದಿಗೆ ಬಂದು ಸೇಠರ ಮನೆ ದೋಚಿದ. ಆಗ ಹೋದದ್ದು ಎರಡು ಕೋಟಿ ಎಂದು ಆ ಕಾಲದ ಒಬ್ಬ ಪರ್ಷಿಯನ್ ಇತಿಹಾಸಕಾರ ಬರೆದಿದ್ದಾನೆ. ಅಷ್ಟೂ ಆರ್ಕಾಟ್ ರೂಪಾಯಿ (ದಕ್ಷಿಣದ ಆರ್ಕಾಟಿನ ಹೆಸರಿನ ನಾಣ್ಯ). ಮೊತ್ತ ಅಷ್ಟಿರಲಿಕ್ಕಿಲ್ಲ ಅನ್ನುವವರಿದ್ದಾರೆ. ನನಗೆ ಮುಖ್ಯ ಅನಿಸುವುದು ಅವನ ಮುಂದಿನ ಮಾತು. ಆ ಲೂಟಿ ಅವರಿಗೆ ಹುಲ್ಲುಕಡ್ಡಿ ಹೋದಷ್ಟೂ ಅನಿಸಲಿಲ್ಲ, ಕೋಟಿ ರೂಪಾಯಿಯ ದರ್ಶನಿ ಹುಂಡಿಗಳನ್ನು ಎಂದಿನಂತೆ ಕೊಡುತ್ತಲೇ ಇದ್ದರು ಅನ್ನುತ್ತಾನೆ.

ನವಾಬರನ್ನು ಬದಲಾಯಿಸಿದ್ದು ಪ್ಲಾಸಿಯಲ್ಲೇ ಮೊದಲಾ?

ಇಲ್ಲ. ಹದಿನೇಳು ವರ್ಷ ಮುಂಚೆ ಒಮ್ಮೆ ಆಗಿತ್ತು. 1740ರಲ್ಲಿ ಸರ್ಫರಾಜ್ ಖಾನ್ ನವಾಬ. ಬಿಹಾರ ನೋಡಿಕೊಳ್ಳುತ್ತಿದ್ದ ಅಲಿವರ್ದಿ ಖಾನ್‌ಗೆ ಆ ಗದ್ದುಗೆಯ ಮೇಲೆ ಕಣ್ಣು. ಅಲಿವರ್ದಿಯ ಅಣ್ಣ ಹಾಜಿ ಅಹ್ಮದ್ ಮುರ್ಶಿದಾಬಾದಿನ ದರ್ಬಾರಿನಲ್ಲೇ ಇದ್ದ. ಅವನ ಜೊತೆ ಫತೇಚಂದ್ ಕೈಜೋಡಿಸಿದ. ಗಿರಿಯಾ ಎಂಬಲ್ಲಿ ಕಾಳಗ ನಡೆಯಿತು, ಸರ್ಫರಾಜ್ ಸತ್ತ, ಅಲಿವರ್ದಿಗೆ ಪಟ್ಟವಾಯಿತು. ಸೇಠರ ಮನೆಯ ಸೊಸೆಯ ಮುಖ ನೋಡಬೇಕೆಂದು ಸರ್ಫರಾಜ್ ಹಟ ಹಿಡಿದ, ಅದೇ ಜಗಳದ ಮೂಲ ಎಂಬ ಕತೆ ಇದೆ. ಕತೆ ಅಂತಲೇ ಇಟ್ಟುಕೊಳ್ಳಿ.

ಈ ಸಲ ಪಣ ಫಲಿಸಿತು. ಅಲಿವರ್ದಿ 1756ರವರೆಗೆ ಆಳಿದ, ಸೇಠರ ಮಾತು ನಡೆಯಿತು. ಯಾರು ಗದ್ದುಗೆಗೆ ಬಂದರೂ ಅವರಿಗೆ ನಾವು ಬೇಕೇ ಬೇಕು ಅನ್ನುವ ಧೈರ್ಯ ಆ ಮನೆಗೆ ಬಂದದ್ದು ಆಗಲೇ ಇರಬೇಕು. 1757ರಲ್ಲಿ ಅವರನ್ನು ಮೋಸ ಮಾಡಿದ್ದೂ ಇದೇ ಧೈರ್ಯ.

ಸಿರಾಜುದ್ದೌಲನ ಜೊತೆ ಯಾಕೆ ಕೆಟ್ಟಿತು?

ಅಲಿವರ್ದಿಯ ಮೊಮ್ಮಗ ಸಿರಾಜ್ 1756ರ ಏಪ್ರಿಲ್‌ನಲ್ಲಿ ನವಾಬನಾದ. ಇನ್ನೂ ಹುಡುಗ, ಮುಂಗೋಪಿ. ವ್ಯಾಪಾರಿಗಳಿಂದ ಮೂರು ಕೋಟಿ ಎತ್ತಿಕೊಡು ಅಂತ ಮೆಹ್ತಾಬ್ ರಾಯ್‌ಗೆ ಹೇಳಿದ, ಅದು ಜನರಿಗೆ ಭಾರ ಆಗುತ್ತದೆ ಅಂದಾಗ ತುಂಬಿದ ದರ್ಬಾರಿನಲ್ಲಿ ಕಪಾಳಕ್ಕೆ ಹೊಡೆದ ಅಂತ ಆಗಿನ ಯುರೋಪಿನವರ ಬರಹಗಳಲ್ಲಿದೆ. ಸಿರಾಜನನ್ನು ಕೆಟ್ಟವನಾಗಿ ತೋರಿಸುವುದರಿಂದ ಅವರಿಗೆ ಲಾಭವಿತ್ತು, ಅದು ನೆನಪಿರಲಿ. ಆದರೂ ಆ ಮನೆಗೆ ಹೊಸ ನವಾಬನ ಭಯ ಹತ್ತಿದ್ದು ಸುಳ್ಳಲ್ಲ.

ಪ್ಲಾಸಿಯಲ್ಲಿ ಸೇಠರ ಪಾತ್ರ ನಿಜವಾಗಿ ಎಷ್ಟು?

ತುಂಬಾ ದೊಡ್ಡದು. ಕಾಸಿಂಬಜಾರಿನ ಫ್ರೆಂಚ್ ಕೋಠಿಯ ಮುಖ್ಯಸ್ಥ ಜಾನ್ ಲಾ ಎಲ್ಲವನ್ನೂ ಹತ್ತಿರದಿಂದ ನೋಡಿದವನು. ಈ ಕ್ರಾಂತಿಯ ಮೂಲವೇ ಸೇಠರು, ಅವರಿಲ್ಲದಿದ್ದರೆ ಇಂಗ್ಲಿಷರಿಂದ ಇದು ಆಗುತ್ತಲೇ ಇರಲಿಲ್ಲ ಎಂದು ಬರೆದಿಟ್ಟಿದ್ದಾನೆ.

ಅವನೇ ಹೇಳುವ ಒಂದು ಪ್ರಸಂಗ ನನಗೆ ಮರೆಯುವುದಿಲ್ಲ. ಇಂಗ್ಲಿಷರು ಚಂದ್ರನಗರದ ಫ್ರೆಂಚರ ಮೇಲೆ ಬೀಳುವ ಮುನ್ನ ಲಾ ಸಹಾಯ ಕೇಳಿಕೊಂಡು ಸೇಠರ ಮನೆಗೆ ಹೋಗಿದ್ದ. ಫ್ರೆಂಚರು ಇವರಿಗೆ ಕೊಡಬೇಕಾದ ಸಾಲ ಬೇಕಾದಷ್ಟಿತ್ತು. ನಾವು ಮುಳುಗಿದರೆ ನಿಮ್ಮ ಹಣವೂ ಮುಳುಗುತ್ತದೆ, ಕೈಬಿಡುವುದಿಲ್ಲ ಅಂದುಕೊಂಡಿದ್ದ. ಮಾತು ಸಿರಾಜನ ಕಡೆ ತಿರುಗಿತು. ಬೇರೆ ನವಾಬನನ್ನು ತರುವ ಯೋಚನೆಯಲ್ಲಿದ್ದೀರಿ ಅಂತ ಕಾಣುತ್ತದೆ ಎಂದು ಲಾ ಬಾಯಿಬಿಟ್ಟು ಅಂದುಬಿಟ್ಟ. ಸೇಠರು ಅಲ್ಲಗಳೆಯಲಿಲ್ಲ. ಇದು ಮಾತಾಡುವ ವಿಷಯ ಅಲ್ಲ ಅಂತ ತಗ್ಗಿದ ದನಿಯಲ್ಲಿ ಹೇಳಿದರಂತೆ.

ಸಂಚು ಹೆಣೆದದ್ದು ಹಂತ ಹಂತವಾಗಿ. 1757ರ ಫೆಬ್ರವರಿಯಲ್ಲಿ ಸಿರಾಜನಿಗೂ ಇಂಗ್ಲಿಷರಿಗೂ ಅಲಿನಗರ ಒಪ್ಪಂದ ಆದಾಗ ನಡುವೆ ಓಡಾಡಿದ ರಣಜಿತ್ ರಾಯ್ ಸೇಠರ ಮನುಷ್ಯ. ಆಮೇಲೆ ನವಾಬನ ಜಾಗಕ್ಕೆ ಮೊದಲು ಕೇಳಿಬಂದ ಹೆಸರು ಯಾರ್ ಲುತ್ಫ್ ಖಾನ್. ಈ ಸರದಾರನಿಗೆ ಸೇಠರಿಂದಲೂ ಸಂಬಳ ಹೋಗುತ್ತಿತ್ತು. ಕೊನೆಗೆ ಇನ್ನೂ ದೊಡ್ಡ ಆಸಾಮಿ, ಸಿರಾಜನ ದಂಡಿನ ಹಿರಿಯ ಸರದಾರ ಮೀರ್ ಜಾಫರ್ ಗೊತ್ತಾದ. 1757ರ ಜೂನ್ 23ರಂದು ಪ್ಲಾಸಿಯ ಮಾವಿನ ತೋಪಿನ ಹತ್ತಿರ ನಡೆದದ್ದು ಎಲ್ಲರಿಗೂ ಗೊತ್ತು.

ಇಂಗ್ಲಿಷರು ಗೆದ್ದು ಮೀರ್ ಜಾಫರ್ ನವಾಬನಾದ ಮೇಲೆ ಹಣದ ಲೆಕ್ಕ ಎಲ್ಲಿ ಆಯಿತು ಗೊತ್ತಾ? ಸೇಠರ ಮನೆಯಲ್ಲಿ. ಮೀರ್ ಜಾಫರ್ ಇಂಗ್ಲಿಷ್ ಕಂಪನಿಗೆ ಒಂದು ಕೋಟಿ, ಕೋಲ್ಕತ್ತಾದ ಇಂಗ್ಲಿಷರಿಗೆ 50 ಲಕ್ಷ, ಅಲ್ಲಿನ ಹಿಂದೂಗಳಿಗೆ 20 ಲಕ್ಷ, ಆರ್ಮೇನಿಯನ್ನರಿಗೆ 7 ಲಕ್ಷ ಅಂತ ಒಪ್ಪಿಕೊಂಡಿದ್ದ. ಇಂಗ್ಲಿಷರ ದಂಡನಾಯಕ ಕ್ಲೈವ್ ಮತ್ತು ಇತರರಿಗೆ ಕೊಟ್ಟ ಉಡುಗೊರೆ ಬೇರೆ. ಬೊಕ್ಕಸದಲ್ಲಿ ಅಷ್ಟು ಇರಲಿಲ್ಲ. ಅರ್ಧ ಈಗಲೇ, ಉಳಿದರ್ಧ ಮೂರು ವರ್ಷದಲ್ಲಿ ಎಂದು ಮಧ್ಯಸ್ಥಿಕೆ ಮಾಡಿದವರು ಸೇಠರು. ಸಂಚಿನಲ್ಲಿ ಪಾಲು ಕೇಳಿದ್ದ ವ್ಯಾಪಾರಿ ಅಮೀರ್ ಚಂದ್‌ಗೆ ತೋರಿಸಿದ್ದ ಒಪ್ಪಂದ ನಕಲಿ, ನಿನಗೆ ಏನೂ ಇಲ್ಲ ಎಂದು ಹೇಳಿದ್ದೂ ಅದೇ ಕೂಟದಲ್ಲಿ. ಕೆಲವೇ ದಿನಗಳಲ್ಲಿ ಬೆಳ್ಳಿಯ ಪೆಟ್ಟಿಗೆಗಳು ದೋಣಿಗಳಲ್ಲಿ ಸಾಲಾಗಿ ಕೋಲ್ಕತ್ತಾಕ್ಕೆ ಹೊರಟವು.

ಹಾಗಾದರೆ ಇವರು ದೇಶದ್ರೋಹಿಗಳಾ?

ಈ ಪ್ರಶ್ನೆ ಸಿಟ್ಟಿನಿಂದಲೇ ಬರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 1757ರಲ್ಲಿ ಆ ಮನೆಯವರ ಕಣ್ಣಿಗೆ ಕಂಡದ್ದು ದೇಶ ಅಲ್ಲ, ದರ್ಬಾರು. 1740ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇವೆ ಅಂದುಕೊಂಡರು, ಇಂಗ್ಲಿಷರನ್ನು ಕೂಲಿಗೆ ಬಂದ ದಂಡು ಅಂತ ತಿಳಿದರು. ಅದಕ್ಕಾಗಿ ಅವರನ್ನು ಬಿಟ್ಟುಬಿಡಬೇಕು ಅನ್ನುತ್ತಿಲ್ಲ. ತಮ್ಮ ಗಂಟು ಉಳಿಸಿಕೊಳ್ಳಲು ಅವರು ಆಡಿದ ಆಟಕ್ಕೆ ಬೆಲೆ ತೆತ್ತವರು ಕಾಸಿಂಬಜಾರಿನ ರೇಷ್ಮೆಯವರು, ಢಾಕಾದ ನೇಕಾರರು, ಹೊಲದಲ್ಲಿದ್ದ ರೈತರು. 1770ರ ಕ್ಷಾಮದಲ್ಲಿ ಜನ ಹುಳುಗಳ ಹಾಗೆ ಸತ್ತರು, ಆಗಲೂ ಕಂಪನಿ ಕಂದಾಯ ಬಿಡಲಿಲ್ಲ. ಆ ಜನರನ್ನು ಯಾರೂ ಯಾವ ಮನೆಗೂ ಕರೆದು ಕೇಳಿರಲಿಲ್ಲ.

ಸಂಚಿನಿಂದ ಸೇಠರಿಗೆ ಏನು ಸಿಕ್ಕಿತು?

ಕೋಲ್ಕತ್ತಾದಲ್ಲಿ ಕಂಪನಿಯದೇ ಟಂಕಸಾಲೆ ಶುರುವಾಯಿತು. ಇಂಗ್ಲಿಷರಿಗೆ ಇನ್ನು ಬೆಳ್ಳಿ ಮಾರಲು ಸೇಠರು ಬೇಕಾಗಲಿಲ್ಲ. ಬಂಗಾಳದ ಹಣವೇ ಕೈಗೆ ಬಂದ ಮೇಲೆ ಊರಿಂದ ಬೆಳ್ಳಿ ತರುವುದನ್ನೂ ಹೆಚ್ಚುಕಡಿಮೆ ಬಿಟ್ಟರು.

ಮೆಹ್ತಾಬ್ ರಾಯ್ ಹೇಗೆ ಸತ್ತ?

ಕೊಲೆಯಾದ. ಮೀರ್ ಜಾಫರನನ್ನು ಇಳಿಸಿ ಇಂಗ್ಲಿಷರು 1760ರಲ್ಲಿ ಅವನ ಅಳಿಯ ಮೀರ್ ಕಾಸಿಂನನ್ನು ಕೂರಿಸಿದರು. ಅವನಿಗೂ ಕಂಪನಿಗೂ ಜಗಳ ಹತ್ತಿತು. ಸೇಠರು ಇಂಗ್ಲಿಷರ ಕಡೆಯವರು ಎಂಬ ಅನುಮಾನದಿಂದ 1763ರಲ್ಲಿ ಇಬ್ಬರನ್ನೂ ಮುರ್ಶಿದಾಬಾದಿನಿಂದ ಮುಂಗೇರಿಗೆ ಹಿಡಿದು ತರಿಸಿದ. ಇಂಗ್ಲಿಷರು ಪತ್ರ ಬರೆದು ಆಕ್ಷೇಪಿಸಿದರು, ಅಷ್ಟೇ. ಯುದ್ಧದಲ್ಲಿ ಸೋಲುತ್ತಾ ಹಿಂದೆ ಸರಿಯುವಾಗ ಮೀರ್ ಕಾಸಿಂ ಮೆಹ್ತಾಬ್ ರಾಯ್ ಮತ್ತು ಸ್ವರೂಪ್ ಚಂದ್ ಇಬ್ಬರನ್ನೂ ಕೊಲ್ಲಿಸಿದ. ಮುಂಗೇರಿ ಕೋಟೆಯ ಬುರುಜಿನಿಂದ ಗಂಗೆಗೆ ತಳ್ಳಿದರು ಅಂತ ಒಂದು ಮಾತು, ಪಾಟ್ನಾ ದಾರಿಯ ಬಾಢ್‌ನಲ್ಲಿ ಕೊಂದರು ಅಂತ ಇನ್ನೊಂದು.

ಆಮೇಲೆ ಮನೆತನ ಏನಾಯಿತು?

ಮೆಹ್ತಾಬ್ ರಾಯನ ಮಗ ಖುಷಾಲ್ ಚಂದ್ ಯಜಮಾನನಾದ. 1765ರಲ್ಲಿ ಕಂಪನಿಗೆ ಬಂಗಾಳದ ದಿವಾನಿ ಸಿಕ್ಕಿತು. ಕಂದಾಯ ಎತ್ತುವ ಹಕ್ಕೇ ಅವರ ಕೈಗೆ ಹೋಯಿತು. ಮನೆಯವರು 50 ಲಕ್ಷಕ್ಕೂ ಮೀರಿದ ಬಾಕಿ ಕೇಳಿದರು. ಮೀರ್ ಜಾಫರನ ಮತ್ತು ಇಂಗ್ಲಿಷರ ದಂಡಿನ ಖರ್ಚಿಗೆ ಕೊಟ್ಟ 21 ಲಕ್ಷವನ್ನು ಮಾತ್ರ ಕಂಪನಿ ಒಪ್ಪಿಕೊಂಡಿತು, ಅದನ್ನೂ ಹತ್ತು ವರ್ಷದ ಕಂತಿನಲ್ಲಿ. ಜಮೀನ್ದಾರರಿಂದ ಬರಬೇಕಾದ ಹಳೆ ಬಾಕಿಗೆ ಒತ್ತಾಯ ಮಾಡಿದ್ದಕ್ಕೆ ಕ್ಲೈವ್ ಗದರಿಸಿ ಪತ್ರ ಬರೆದ. ಎಂಟು ವರ್ಷ ಹಿಂದೆ ಅವರ ಮನೆಯಲ್ಲಿ ಕೂತು ಕಂತು ಮಾತಾಡಿದ್ದ ಅದೇ ಕ್ಲೈವ್.

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಖಜಾನೆಯನ್ನೇ ಕೋಲ್ಕತ್ತಾಕ್ಕೆ ಸಾಗಿಸಿದ. ಕಂದಾಯದ ಹಾದಿಯಲ್ಲಿ ಸೇಠರಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. 19ನೇ ಶತಮಾನದಲ್ಲಿ ವಂಶದ ಗೋವಿಂದ್ ಚಂದ್ ಮನೆಯ ಒಡವೆ ಮಾರಿ ಬದುಕಿ, ಕೊನೆಗೆ ಕಂಪನಿ ಸರ್ಕಾರ ಕೊಡುವ ತಿಂಗಳಿಗೆ 1,200 ರೂಪಾಯಿಯ ಪಿಂಚಣಿಗೆ ಬಂದ.

ಈ ಕತೆಗೂ ನಮ್ಮ ಕಡೆಗೂ ಏನಾದರೂ ಸಂಬಂಧ ಇದೆಯಾ?

ಇದೆ, ಮತ್ತು ಅದು ನೋವಿನ ಸಂಬಂಧ. ಕೈಗೆ ಬಂದ ಬಂಗಾಳದ ಕಂದಾಯವೇ ಕಂಪನಿಯ ದೊಡ್ಡ ಬಲ. ಮದ್ರಾಸಿನ ಖರ್ಚು ಅಲ್ಲಿನ ಆದಾಯಕ್ಕೆ ಮೀರಿದಾಗ ಬಂಗಾಳದಿಂದ ಹಣ ಬರುತ್ತಿತ್ತು. ಹೈದರ್ ಮತ್ತು ಟಿಪ್ಪು ವಿರುದ್ಧದ ಯುದ್ಧಗಳಿಗೆ, ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ ದಂಡಯಾತ್ರೆಗೂ ಸೇರಿ, ಆ ಹಣ ಆಸರೆಯಾಗಿತ್ತು. ಮೈಸೂರಿಗೆ ಒಂದು ಸೋಲು ತಗುಲಿದರೆ ತುಂಬಿಕೊಳ್ಳುವುದು ಕಷ್ಟ. ಕಂಪನಿಗೆ ಹಾಗಿರಲಿಲ್ಲ, ಬೆನ್ನಿಗೆ ಬಂಗಾಳ ಇತ್ತು.

ಈಗ ಹೋದರೆ ನೋಡುವುದಕ್ಕೆ ಏನಿದೆ?

ಮಹಿಮಾಪುರದ ಹಳೆ ಮನೆಯ ಬಹುಪಾಲನ್ನು ಭಾಗೀರಥಿ ನುಂಗಿದೆ. ಜಗತ್ ಸೇಠ್ ಮನೆ ಅಂತ ಒಂದು ವಸ್ತುಸಂಗ್ರಹಾಲಯ ಇದೆ, ನಸೀಪುರದ ಹತ್ತಿರ. ಕಾಠ್‌ಗೋಲಾ ಅರಮನೆಯನ್ನು ಕೆಲವರು ಸೇಠರದು ಅಂದುಕೊಳ್ಳುತ್ತಾರೆ, ಅದು ದುಗಡ್ ಮನೆತನದ್ದು.

ನಮ್ಮ ಮನೆಯಲ್ಲಿ ಮುರ್ಶಿದಾಬಾದ್ ಅಂತ ಬರೆದ ಬೆಳ್ಳಿ ರೂಪಾಯಿ ಇದೆ. ಅದು ಸೇಠರ ಟಂಕಸಾಲೆಯದಾ?

ಮೊದಲು ವರ್ಷ ನೋಡಿ. ಬಾದಶಹ ಷಾ ಆಲಂನ ಹೆಸರಿದ್ದು, ಪರ್ಷಿಯನ್ ಅಂಕಿಯಲ್ಲಿ 19 ಅಂತ ಇದ್ದರೆ ಅದು ಕಂಪನಿಯದು. ವರ್ಷ ವರ್ಷಕ್ಕೂ ವಟ್ಟ ಬೀಳುವ ಪದ್ಧತಿಯನ್ನು ನಿಲ್ಲಿಸಲು ಕಂಪನಿ ಒಂದು ಸರಳ ಉಪಾಯ ಮಾಡಿತು. ಯಾವ ವರ್ಷ ಅಚ್ಚು ಹಾಕಿದರೂ 19ನೇ ವರ್ಷ ಅಂತಲೇ ಒತ್ತುವುದು. 1793ರಲ್ಲಿ ಅದನ್ನು ಕಾನೂನು ಮಾಡಿದರು. ಕೋಲ್ಕತ್ತಾದಲ್ಲಿ ಅಚ್ಚಾದ ನಾಣ್ಯದ ಮೇಲೂ ಮುರ್ಶಿದಾಬಾದ್ ಎಂಬ ಹೆಸರೇ ಇರುತ್ತದೆ, ಜನ ನಂಬುತ್ತಿದ್ದದ್ದು ಆ ಹೆಸರನ್ನೇ ತಾನೇ. ಅದೇ ಮುಹಮ್ಮದ್ ಷಾನ ಹೆಸರು, ಅಂಚಿನಲ್ಲಿ ಚಿನಿವಾರರ ಸಣ್ಣ ಸಣ್ಣ ಗುರುತು ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಗುರುತು ಅಳಿಸಿಹೋಗುತ್ತದೆ.